ಸಪ್ಪಗಾದ ನೀರು

ಬೈತಖೋಲದ ಐಸ್ ಫ್ಯಾಕ್ಟರಿಗೆ
ಅವ್ವಿ ಬಂದದ್ದು ಒಂದೇ ಸಲ.
ಕಣ್ಣಿನ ಆಪರೇಷನ್ನಿಗೆಂದು ಕಾರವಾರಕ್ಕೆ ಬಂದವಳು,
ಒಂದು ಕಣ್ಣಿಗೆ ಹಸಿರು ಬಟ್ಟೆ,
ನಾನು ಮರೆತ ಬುತ್ತಿ ಹಿಡಿದು
ಕತ್ತಲಲ್ಲಿ ದಾರಿ ಕೇಳುತ್ತ ಬಂದಿದ್ದಳು.

ಆ ರಾತ್ರಿ ಟ್ಯಾಂಕು ಮುನಿಸಿಕೊಂಡಿತ್ತು.
ಇಪ್ಪತ್ತೆಂಟು ತಾಸಾದರೂ ಕ್ಯಾನಿನೊಳಗೆ
ಅಂಚಷ್ಟೇ ಗಟ್ಟಿ, ಹೊಟ್ಟೆ ಇನ್ನೂ ನೀರು.
ಹೊರಗೆ ಮೂರು ಬೋಟಿನವರು ಬೀಡಿ ಹಚ್ಚಿ
ನಮ್ಮ ಹಿರಿಯರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಿದ್ದರು.
ಕಂಪ್ರೆಸರಿನದೇ ಕಿತಾಪತಿ ಎಂದು
ವಿಠೋಬ ಮೇಸ್ತ ಸ್ಪ್ಯಾನರ್ ಹಿಡಿದು ಅದರಡಿ ಮಲಗಿದ್ದ.

ಅವ್ವಿಗೆ ಹೇಳಿದೆ: ಇದು ಉಪ್ಪುನೀರು.
ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೂ
ಹರಿಯುವುದು ಬಿಡುವುದಿಲ್ಲ.
ತಾನು ಗಟ್ಟಿಯಾಗದೆ,
ಮುಳುಗಿಸಿಟ್ಟ ಕ್ಯಾನಿನ ಸಿಹಿನೀರನ್ನು
ಕಲ್ಲು ಮಾಡುತ್ತದೆ.
“ಸೂಲಗಿತ್ತಿ ಇದ್ದ ಹಾಂಗೆ,” ಅಂದಳು.
“ಹೆರೂದು ಬೇರೆಯವರು.”

ಸಾಣಿಕಟ್ಟೆಯ ಆಗರದಲ್ಲಿ ಮೂವತ್ತು ಬೇಸಗೆ
ನೀರು ಹಣ್ಣಾಗುವುದನ್ನು ಕಾದವಳು.
ಅಘನಾಶಿನಿಯ ಉಬ್ಬರವನ್ನು ಒಳಗೆ ಬಿಟ್ಟು
ಪಾತಿಯಿಂದ ಪಾತಿಗೆ ದಾಟಿಸಿ
ಬೆರಳದ್ದಿ ನಾಲಿಗೆಗೆ ಮುಟ್ಟಿಸಿ
“ಇನ್ನೆರಡು ಬಿಸಿಲು” ಎನ್ನುವಳು.
ಎರಡೇ. ಮೂರಾದದ್ದು ನಾನು ಕಂಡಿಲ್ಲ.

ಬಳಚು ಬೇಯಿಸುವಾಗ ಮಾತ್ರ
ಕುದಿಯುವ ಮುಂಚೆ ಉಪ್ಪು ಮುಟ್ಟಗೊಡಳು:
“ಉಪ್ಪು ಬಿದ್ದ ನೀರು ಸೋಮಾರಿ. ಬೆಂಕಿ ಮಾತು ಕೇಳೂದಿಲ್ಲ.”
ಐಟಿಐ ಮುಗಿಸಿದ ಹುಮ್ಮಸ್ಸಿನಲ್ಲಿ ನಾನು
ಥರ್ಮಾಮೀಟರ್ ಇಳಿಬಿಟ್ಟು ವಾದಕ್ಕೆ ನಿಂತೆ:
ಒಂದು ಚಮಚ ಉಪ್ಪಿಗೆ ಕುದಿ ಏರುವುದು ಕೂದಲೆಳೆಯಷ್ಟು,
ಒಲೆಯ ಸೌದೆಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ;
ಹಾಕಿದೊಡನೆ ಬುಸ್ಸೆಂದು ಎದ್ದದ್ದು ಕುದಿಯಲ್ಲ,
ಹರಳಿನ ಮೈ ಹಿಡಿದು ಎದ್ದ ಗುಳ್ಳೆ.
ಅವಳು ಗಾಜಿನ ಕಡ್ಡಿ ನೋಡಲಿಲ್ಲ.
ಬಳಚು ನೋಡಿದಳು.
“ಬಾಯಿ ಬಿಡ್ತು. ಇಳಿಸು.”

ಈಗಲೂ, ನಾನು ಬೇಡ ಬೇಡ ಎನ್ನುವುದರೊಳಗೆ
ಟ್ಯಾಂಕಿನ ಹಲಗೆ ಸರಿಸಿ ಬೆರಳದ್ದಿದಳು.
“ಅಯ್ಯೋ, ಸುಡ್ತದಲ್ಲೋ!”
ಎಪ್ರಿಲ್ ಮಧ್ಯಾಹ್ನ
ಒಡೆದ ಹಿಮ್ಮಡಿ ಪಾತಿಗಿಟ್ಟಾಗಲೂ
ಇದೇ ಮಾತು, ಇದೇ ದನಿ.
ಬೆರಳು ನಾಲಿಗೆಗೆ.
ತೆರೆದಿದ್ದ ಇನ್ನೊಂದು ಕಣ್ಣೂ ಮುಚ್ಚಿ ಒಂದು ಗಳಿಗೆ.
“ಸಪ್ಪಗಾಗೀದೆ ಮಗಾ ನಿನ್ನ ನೀರು.”

ಹೈಡ್ರೋಮೀಟರ್ ಒಡೆದು ಹದಿನೈದು ದಿನ.
ತಳೇಕರ ಸಾಹುಕಾರರ ಬಾಯಲ್ಲಿ ನಾಳೆ, ನಾಳೆ.
ಕ್ಯಾನು ಎತ್ತುವಾಗ, ಇಳಿಸುವಾಗ
ತುಳುಕಿದ ಸಿಹಿನೀರು ದಿನಾ ಒಂದಿಷ್ಟು ಸೇರಿ ಸೇರಿ
ಉಪ್ಪಿನ ಬಲ ಇಳಿದಿತ್ತು.
ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ
ಅಮೋನಿಯಾ ಕೊಳವೆಗಳ ಮೇಲೆ ದಪ್ಪ ಬಿಳಿ ಕಂಬಳಿ.
ಎಲ್ಲಿ ಆಗಬಾರದೋ ಅಲ್ಲೇ ಆಗಿತ್ತು ಐಸು,
ತಂಪನ್ನು ಒಳಗೇ ಹೊದ್ದಿಸಿ ಮಲಗಿಸಿತ್ತು.

ಆರು ಮೂಟೆ ಸುರಿದೆವು.
ಹೊಲಿಗೆ ಬಿಚ್ಚಿದವಳು ಅವ್ವಿ.
ಹರಳೊಂದನ್ನು ಬಲ್ಬಿಗೆ ಹಿಡಿದು
“ನಮ್ಮ ಪಾತೀದಲ್ಲ. ಮಣ್ಣು ಹೆಚ್ಚು,” ಮೂಗು ಮುರಿದಳು.
ವಿಠೋಬ ಕಂಪ್ರೆಸರಿನಡಿಯಿಂದ ಹೊರಬಂದು
ಯಾರ ಮುಖವನ್ನೂ ನೋಡದೆ ಕೈ ಒರೆಸಿಕೊಂಡ.
ಒಂದು ಬೋಟು ಕಾಯದೆ ತದಡಿಗೆ ಹೋಯಿತು.
ಉಳಿದೆರಡು ಬೈಯುತ್ತಲೇ ಕಾದವು.

ಬೆಳಿಗ್ಗೆ ಖಾಲಿ ಮೂಟೆಗಳ ಮೇಲೆ ಎದ್ದು ಕೂತು ಕೇಳಿದಳು:
“ಸಮುದ್ರ ಗಟ್ಟಿಯಾಗೂದೇ ಇಲ್ಲನ?”
ಆಗ್ತದೆ ಅವ್ವಿ, ದೂರದ ಚಳಿದೇಶದಲ್ಲಿ,
ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ.
ಹೆಪ್ಪುಗಟ್ಟುವಾಗ ನೀರು ತನ್ನ ಉಪ್ಪನ್ನು
ಹೊರಗೆ ದೂಡಿಬಿಡ್ತದೆ.

ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ.
“ಹಂಗಾರೆ ಅಲ್ಲಿ,” ಅಂದಳು,
“ಉಪ್ಪಿಗೆ ಬಿಸಿಲೇ ಬ್ಯಾಡ.”
ಆಮೇಲೆ ಹಸಿರು ಬಟ್ಟೆ ಮೇಲಕ್ಕೆ ಸರಿಸಿ
ಕತ್ತು ಹಿಂದೆ ಚಾಚಿದಳು,
ನಾನು ಔಷಧದ ಹನಿ ಬಿಡಲೆಂದು.